ಬೋಳು ನವಿಲಿನ ಸೀರೆ

"ಗುರುಗಳೇ, ತಪ್ಪು ಮಾಡಿದರೆ ಮನುಷ್ಯ ಬೈಯುತ್ತಾನೆ, ದನ ಒದೆಯುತ್ತದೆ, ಹಾಲು ಕೂಡ ಉಕ್ಕಿ ಒಲೆ ಆರಿಸುತ್ತದೆ. ಈ ಯಂತ್ರ ಮಾತ್ರ ಯಾಕೆ ಬಾಯಿ ಬಿಡುವುದಿಲ್ಲ?"

ಹೀಗೆ ಕೇಳಿದವಳು ಮಂದಾಕಿನಿ. ಕೇಳಿಸಿಕೊಂಡವರು ವಿರೂಪಾಕ್ಷಯ್ಯನವರು. ಅವರು ಹಿಂದೆ ಸಿನಿಮಾದವರಿಗಾಗಿ ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಕುಣಿಸುತ್ತಿದ್ದರು. ಈಗ ತಮ್ಮ ಮನೆಯ ಪಡಸಾಲೆಯಲ್ಲೇ ಆರು ಜನಕ್ಕೆ ಗ್ರಾಫಿಕ್ಸ್ ಪ್ರೋಗ್ರಾಮಿಂಗ್ ಕಲಿಸುತ್ತಾರೆ. ಪಾಠಕ್ಕಿಂತ ಕತೆಯೇ ಹೆಚ್ಚಾಯಿತೆಂದು ಶಿಷ್ಯರ ದೂರು. ಹಾಗೆ ದೂರಿದವರೇ ಕತೆ ಶುರುವಾಗುವ ಹೊತ್ತಿಗೆ ಮೊದಲು ಚಾಪೆ ಹಾಸುತ್ತಾರೆ.

ಆ ಮನೆಯಲ್ಲಿ ಎರಡು ನಿಯಮಗಳಿದ್ದವು. ಪ್ರತಿ ಕೆಲಸವನ್ನೂ ಇಬ್ಬರು ಸೇರಿ ಮಾಡಬೇಕು. ಒಬ್ಬರು ಬರೆದ ಸಾಲುಗಳಲ್ಲಿ ಇನ್ನೊಬ್ಬರು, ಕೇಳದ ಹೊರತು, ಕೈಯನ್ನೂ ಹಾಕಬಾರದು, ಬಾಯಿಯನ್ನೂ ಹಾಕಬಾರದು. ಮಂದಾಕಿನಿಗೆ ಜೊತೆಯಾಗಿ ಸಿಕ್ಕವನು ಫಕೀರೇಶ. ಪರದೆಯ ಮೇಲೆ ಒಂದು ಬಣ್ಣದ ಬುಗುರಿ ತಿರುಗಬೇಕು, ಇದು ಅವರ ಕೆಲಸ. ಬುಗುರಿಯ ಆಕಾರ ಮತ್ತು ಅದಕ್ಕೆ ಹೊದಿಸುವ ಬಣ್ಣದ ಚಿತ್ರ ಅವಳ ಪಾಲು. ಅದರ ಮೇಲೆ ಬೀಳುವ ಬೆಳಕು ಅವನ ಪಾಲು.

ಅವಳು ಬರೆದಳು, ಅವಳ ಸಾಲುಗಳ ಕೆಳಗೆ ಅವನೂ ಬರೆದ. ಓಡಿಸಿದರೆ ಪರದೆ ಕಪ್ಪು. ಬುಗುರಿಯೂ ಇಲ್ಲ, ಬೆಳಕೂ ಇಲ್ಲ. ಯಂತ್ರ ಎಲ್ಲ ಆಜ್ಞೆಗಳನ್ನೂ ನುಂಗಿ ಸುಮ್ಮನೆ ಕೂತಿತು. ಮೂರು ದಿನ ತಲೆ ಕೆರೆದುಕೊಂಡ ಮೇಲೆ ಅವಳು ಎಲ್ಲಕ್ಕಿಂತ ಕೊನೆಗೆ, ಫಕೀರೇಶನ ಸಾಲುಗಳ ಬುಡದಲ್ಲಿ, "ಏನಾದರೂ ತಪ್ಪಾಗಿದೆಯೇ?" ಎಂದು ಯಂತ್ರವನ್ನು ಕೇಳುವ ಒಂದು ಸಾಲು ಸೇರಿಸಿದಳು. "ಕೊಟ್ಟ ಸಂಖ್ಯೆ ಸರಿಯಿಲ್ಲ" ಎಂದು ಉತ್ತರ ಬಂತು. ಅಷ್ಟೇ. ಯಾವ ಸಂಖ್ಯೆ, ಯಾವ ಸಾಲಿನದು, ಅದೊಂದೂ ಇಲ್ಲ.

ಮಂದಾಕಿನಿಗೆ ಅಷ್ಟೇ ಸಾಕಾಯಿತು. ಉತ್ತರ ಬಂದದ್ದು ಅವನ ಸಾಲುಗಳ ಕೆಳಗೆ, ಹಾಗಾದರೆ ತಪ್ಪು ಅವನದೇ. ನಿಯಮವನ್ನೂ ಮರೆತು ಅವನ ಭಾಗವನ್ನೆಲ್ಲ ಒಂದೇ ಏಟಿಗೆ ಅಳಿಸಿದಳು. ಅದರ ಜೊತೆಗೆ ಯಂತ್ರವನ್ನು ಕೇಳುವ ಸಾಲೂ ಅಳಿಸಿಹೋಯಿತು. ಕೇಳುವವರಿಲ್ಲದ್ದರಿಂದ ಯಂತ್ರ ಮತ್ತೆ ಮೌನವಾಯಿತು. ತಪ್ಪು ಹೋಯಿತೆಂದು ಅವಳು ಹಿಗ್ಗಿದಳು. ಪರದೆ ಮಾತ್ರ ಮೊದಲು ಎಷ್ಟು ಕಪ್ಪಗಿತ್ತೋ ಈಗಲೂ ಅಷ್ಟೇ ಕಪ್ಪಗಿತ್ತು. ಅವನು ಕೆಡಿಸಿದ್ದು ಇನ್ನೂ ಸರಿಹೋಗಿಲ್ಲ ಎಂದು ಅದಕ್ಕೂ ಅವಳ ಬಳಿ ಸಮಾಧಾನ ಇತ್ತು.

ಹೀಗಾಗಿ ಅವಳು ಗುರುಗಳ ಬಳಿ ಬಂದದ್ದು ಒಂದು ಪ್ರಶ್ನೆ ಮತ್ತು ಒಂದು ಬೇಡಿಕೆ ಹೊತ್ತು. ಪ್ರಶ್ನೆ ಆಯಿತು. ಬೇಡಿಕೆಯನ್ನೂ ಇಟ್ಟಳು: "ಫಕೀರೇಶನನ್ನು ಈ ಕೆಲಸದಿಂದ ಬಿಡಿಸಿಬಿಡಿ ಗುರುಗಳೇ. ನಿಯಮ ಇದೆ ನಿಜ, ಈ ಒಂದು ಸಲ ನಾನೊಬ್ಬಳೇ ಮಾಡುತ್ತೇನೆ."

ಬಿಡಿಸಿದರೆ ಫಕೀರೇಶನಿಗೆ ಬೇರೆ ಜೊತೆ ಇರಲಿಲ್ಲ. ಜೊತೆಯಿಲ್ಲದವನಿಗೆ ಆ ಮನೆಯಲ್ಲಿ ಕೆಲಸವಿಲ್ಲ, ಕೆಲಸವಿಲ್ಲದವನು ಊರಿಗೆ ಹೋಗಬೇಕು. ಇದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದಳು. ಕೇಳುವಾಗ ಮನಸ್ಸು ಒಮ್ಮೆ ಚುರುಕ್ ಎಂದಿತು, ಆದರೆ ಮೂರು ದಿನದ ಕಪ್ಪು ಪರದೆ ನೋಡಿದ ಸಿಟ್ಟು ಅದಕ್ಕಿಂತ ದೊಡ್ಡದಾಗಿತ್ತು.

ಗುರುಗಳು ಆಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. "ಕೂತುಕೋ" ಎಂದರು. ಮಂದಾಕಿನಿ ಚಾಪೆ ಹಾಸಿಕೊಂಡಳು. ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಮನೆಯಲ್ಲಿದ್ದದ್ದು ಹಳೆಯ ಕಾಲದ ಮಗ್ಗ, ನೇಯಲು ಇಬ್ಬರು ಬೇಕು. ಕೆಳಗೆ ನೇಕಾರ, ಮೇಲೆ ಅಟ್ಟಣೆಯ ಹಲಗೆಯ ಮೇಲೆ ಇನ್ನೊಬ್ಬ. ಮೇಲಿನವನ ಮುಂದೆ ನಲವತ್ತು ದಾರಗಳು ಇಳಿಬಿದ್ದಿರುತ್ತಿದ್ದವು. ಪ್ರತಿ ದಾರಕ್ಕೂ ಒಂದೊಂದು ಸಂಖ್ಯೆ. ನೇಕಾರ "ಮೂರು, ಹನ್ನೊಂದು, ಇಪ್ಪತ್ತು" ಎಂದು ಕೂಗಿದರೆ ಮೇಲಿನವನು ಆ ದಾರಗಳನ್ನು ಎಳೆಯಬೇಕು. ಎಳೆದರೆ ಉದ್ದಕ್ಕೆ ಬಿಗಿದ ಹಾಸಿನ ಕೆಲವು ಎಳೆಗಳು ಮೇಲೇಳುತ್ತವೆ, ಅವುಗಳ ಕೆಳಗೆ ಜರಿಯ ಲಾಳಿ ಓಡುತ್ತದೆ. ಸಾಲಿಗೊಂದು ಕೂಗು. ಹೀಗೆ ನೂರಾರು ಕೂಗಿಗೆ ಒಂದು ಹೂವೋ ಒಂದು ಹಕ್ಕಿಯೋ ಮೂಡುತ್ತದೆ. ಮೂಡಿದ್ದು ನೇಯುವವನಿಗೆ ಕಾಣುವುದಿಲ್ಲ. ಸೀರೆಯ ಮುಖ ಕೆಳಗಿರುತ್ತದೆ, ಅವನು ನೋಡುವುದು ಬೆನ್ನನ್ನು. ಬೆನ್ನಿನಲ್ಲಿ ಇರುವುದು ಬರೀ ಎಳೆಗಳ ಗೋಜಲು.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಲಾಳಿ ಓಡುವಾಗ ಮೇಲಿನವನು ಮಾತಾಡುವಂತಿಲ್ಲ. ಮಾತಾಡಿದರೆ ಕೆಳಗಿನವನ ಎಣಿಕೆ ತಪ್ಪುತ್ತದೆ. ಕರೆದ ದಾರ ಹರಿದಿದ್ದರೆ, ಸಿಕ್ಕಿಕೊಂಡಿದ್ದರೆ, ಇಲ್ಲವೇ ಅಂಥ ದಾರವೇ ಇರದಿದ್ದರೆ, ಅವನು ಅದೊಂದನ್ನು ಬಿಟ್ಟು ಉಳಿದದ್ದನ್ನು ಎಳೆಯಬೇಕು. ಸೊಂಟದ ನೂಲಿಗೆ ಒಂದು ಗಂಟು ಹಾಕಿಕೊಳ್ಳಬೇಕು. ಒಂದೇ ಗಂಟು. ಅದು ಬಿಚ್ಚುವ ತನಕ ಇನ್ನೆಷ್ಟು ತಪ್ಪಾದರೂ ಎರಡನೆಯ ಗಂಟಿಲ್ಲ. ಕೆಳಗಿನವನು ಲಾಳಿ ನಿಲ್ಲಿಸಿ "ಏನಾದರೂ ಆಯಿತಾ?" ಎಂದು ಕೇಳಿದರೆ ಮಾತ್ರ, ಆದದ್ದೇನೆಂದು ಹೇಳಿ ಗಂಟು ಬಿಚ್ಚಬೇಕು.

ನೇಕಾರನ ಅಪ್ಪ ಗೇಣಿಗೊಮ್ಮೆ ಕೇಳುತ್ತಿದ್ದ. ಅಪ್ಪ ಹೋದ ಮೇಲೆ ಮಗ ಕೇಳುವುದನ್ನು ಬಿಟ್ಟ. ಅವನ ಕೈ ಅಪ್ಪನ ಕೈಗಿಂತ ಚುರುಕು, ಇದು ಸುಳ್ಳಲ್ಲ. ಊರೆಲ್ಲ ಹಾಗೆಂದು ಹೊಗಳಿ ಹೊಗಳಿ ಅವನನ್ನು ಹೊನ್ನ ಶೂಲಕ್ಕೇರಿಸಿತ್ತು. ಮೇಲಿನವನು ಮಾತಾಡುತ್ತಿಲ್ಲ ಎಂದರೆ ಎಲ್ಲ ಸರಿಯಾಗಿದೆ ಎಂದೇ ಅವನು ತಿಳಿದ. ಮೌನಂ ಸಮ್ಮತಿ ಲಕ್ಷಣಂ ಎಂದು ಬಲ್ಲವರೇ ಹೇಳಿದ್ದಾರಲ್ಲ. ಬಲ್ಲವರು ಆ ಮಾತನ್ನು ಮಗ್ಗದ ಬಗ್ಗೆ ಹೇಳಿರಲಿಲ್ಲ, ಅಷ್ಟೇ.

ಒಮ್ಮೆ ಒಬ್ಬ ವ್ಯಾಪಾರಿಯ ಮನೆಯವರು ಮಗಳ ಮದುವೆಗೆ ಸೀರೆ ಹೇಳಿ ಹೋದರು. ಮೈತುಂಬ ಜರಿಯ ನವಿಲು ಇರಬೇಕು ಎಂದರು. ನವಿಲನ್ನು ಮೂಡಿಸುವ ಸಂಖ್ಯೆಗಳ ಕೂಗು ಆ ನೇಕಾರನ ಮನೆಯಲ್ಲಿರಲಿಲ್ಲ. ಅವನು ಪರವೂರಿಗೆ ಹೋಗಿ, ಅಲ್ಲಿಯ ಒಬ್ಬ ನೇಕಾರನ ಎದುರು ಕೂತು, ಇಡೀ ಕೂಗನ್ನು ಒಂದೇ ದಿನದಲ್ಲಿ ಬಾಯಿಪಾಠ ಮಾಡಿಕೊಂಡು ಬಂದ. ಒಂದಕ್ಷರ ಆಚೆ ಈಚೆ ಆಗಲಿಲ್ಲ. ಬಂದವನೇ ಮಗ್ಗಕ್ಕೆ ಕೂತ. ಹದಿನಾರು ದಿನ ನೇಯ್ದ. ಹದಿನೈದನೆಯ ದಿನ ಮೂವತ್ತೊಂಬತ್ತನೆಯ ದಾರ ಸವೆದು ಜಾಳಾಯಿತು. ಆ ಮಗ್ಗಕ್ಕೆ ದಾರ ಕಟ್ಟಿಕೊಡಲು ಒಬ್ಬ ಹೆಂಗಸು ಬರುತ್ತಿದ್ದಳು, ಅವನ ಅಪ್ಪನ ಕಾಲದಿಂದಲೂ ಬರುತ್ತಿದ್ದವಳು. ಅವಳು ಬಂದು ಹಳೆಯದನ್ನು ತೆಗೆದು ಹೊಸ ದಾರ ಕಟ್ಟಿ ಹೋದಳು.

ಹದಿನಾರನೆಯ ದಿನ ಸೀರೆ ಮುಗಿಯಿತು. ಕೊನೆಯ ಕೂಗು ಮೂವತ್ತೊಂಬತ್ತೇ ಆಗಿತ್ತು. ಅವನಿಗೆ ಅಪ್ಪನ ನೆನಪಾಯಿತೋ ಏನೋ, ಲಾಳಿ ಕೆಳಗಿಟ್ಟು ಕತ್ತೆತ್ತಿ ಕೇಳಿದ.

"ಏನಾದರೂ ಆಯಿತಾ?"

"ಇಲ್ಲದ ದಾರ ಕರೆದಿರಿ" ಎಂದು ಮೇಲಿನವನು ಹೇಳಿ ಗಂಟು ಬಿಚ್ಚಿದ. ಯಾವ ದಾರವೆಂದು ಅವನಿಗೂ ನೆನಪಿರಲಿಲ್ಲ. ಹದಿನಾರು ದಿನದಲ್ಲಿ ಅವನು ಕೇಳಿದ ಕೂಗುಗಳು ಸಾವಿರಾರು.

ನೇಕಾರನಿಗೆ ಮಾತ್ರ ಎಲ್ಲವೂ ಅಂಗೈ ನೆಲ್ಲಿಕಾಯಿಯಷ್ಟು ಸ್ಪಷ್ಟವಾಗಿ ಕಂಡಿತು. ಕೊನೆಗೆ ಕರೆದದ್ದು ಮೂವತ್ತೊಂಬತ್ತು. ಅದನ್ನು ಕಟ್ಟಿದವಳು ಆ ಹೆಂಗಸು. ಅವಳ ಕಣ್ಣು ಮಂಜಾಗಿದೆ, ಕೈ ಅದುರುತ್ತದೆ, ದಾರವನ್ನು ಎಲ್ಲಿಗೋ ಕಟ್ಟಿದ್ದಾಳೆ. ಅವಳನ್ನು ಕರೆಸಿದ. ನಾಳೆಯಿಂದ ಬರುವುದು ಬೇಡ ಎಂದ.

ಅವಳು ಅಳಲಿಲ್ಲ, ಜಗಳಾಡಲಿಲ್ಲ. ಒಂದೇ ಮಾತು ಕೇಳಿದಳು: "ಗಂಟು ಯಾವತ್ತು ಬಿತ್ತು, ತಮ್ಮಾ?"

"ಕುಣಿಯಲಾರದವಳು ನೆಲ ಡೊಂಕು ಎಂದಳಂತೆ" ಎಂದು ನೇಕಾರ ಮುಖ ತಿರುಗಿಸಿದ. ಅವಳು ಸೆರಗು ಹೊದ್ದುಕೊಂಡು ಮನೆಗೆ ಹೋದಳು.

ಮೂವತ್ತೊಂಬತ್ತನ್ನು ಬಿಚ್ಚಿ ಅವನೇ ಮತ್ತೆ ಕಟ್ಟಿದ. "ಈಗ ಏನಾದರೂ ಆಗಿದೆಯಾ?" ಎಂದು ಮೇಲಿನವನನ್ನು ಕೇಳಿದ. ಗಂಟು ಆಗಲೇ ಬಿಚ್ಚಿಹೋಗಿತ್ತು, ಹೊಸ ಕೂಗು ಒಂದೂ ಆಗಿರಲಿಲ್ಲ. "ಏನೂ ಇಲ್ಲ" ಎಂದ ಮೇಲಿನವನು. ನೋಡಿದೆಯಾ, ರೋಗದ ಬೇರನ್ನೇ ಕಿತ್ತೆ ಎಂದು ನೇಕಾರ ತೃಪ್ತಿಯಿಂದ ಊಟ ಮಾಡಿ, ಸೀರೆಯನ್ನು ಮಗ್ಗದಿಂದ ಕೊಯ್ದು ತಿರುವಿ ಹಾಸಿದ.

ನೋಡಲು ಹೆಂಡತಿ ಬಂದಳು. ಸ್ವಲ್ಪ ಹೊತ್ತು ನೋಡಿದಳು. "ಇವು ನವಿಲೋ, ಕೋಳಿಯೋ?" ಎಂದಳು.

ಒಂದು ನವಿಲಿಗೂ ತಲೆಯ ಮೇಲೆ ಜುಟ್ಟಿರಲಿಲ್ಲ. ಕತ್ತಿತ್ತು, ಕೊಕ್ಕಿತ್ತು, ಗರಿಯ ಮೇಲೆ ಕಣ್ಣಿತ್ತು. ತಲೆ ಬೋಳು. ಸೀರೆಯ ಈ ತುದಿಯಿಂದ ಆ ತುದಿಯವರೆಗೆ ಇನ್ನೂರಕ್ಕೂ ಹೆಚ್ಚು ಬೋಳು ನವಿಲುಗಳು ಅವನನ್ನೇ ನೋಡುತ್ತಿದ್ದವು. ಮದುಮಗಳಿಗೆ ಇದನ್ನು ಉಡಿಸುವುದು ಹೇಗೆ? ಅವನಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಬಾಯಿಗೆ ಬಂದ ಮೊದಲ ಬೈಗುಳ ಆ ಹೆಂಗಸಿನ ಹೆಸರಿಗೇ ಹೊರಟಿತ್ತು. ಅರ್ಧಕ್ಕೇ ನಿಂತಿತು. ಅವಳು ದಾರ ಕಟ್ಟಿದ್ದು ಹದಿನೈದನೆಯ ದಿನ. ಮೊದಲನೆಯ ದಿನ ನೇಯ್ದ ಮೊದಲನೆಯ ನವಿಲೂ ಬೋಳಾಗಿಯೇ ಇತ್ತು. ಗಂಟು ಯಾವತ್ತು ಬಿತ್ತು, ತಮ್ಮಾ? ಆ ಮಾತಿನ ಅರ್ಥ ಅವನಿಗೆ ಆಗ ತಿಳಿಯಿತು. ತಿಳಿದಾಗ ನಾಚಿಕೆಯಾಯಿತು. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಿರಿ" ಎಂದು ಹೆಂಡತಿ ಬೇರೆ ಅಂದಳು.

ಮಗ್ಗದ ಮೇಲೆ ಇನ್ನೊಂದು ಸೀರೆಗಾಗುವಷ್ಟು ಹಾಸು ಉಳಿದಿತ್ತು. ಮದುವೆಗೆ ಇಪ್ಪತ್ತು ದಿನವಿತ್ತು. ಅವನು ಮತ್ತೆ ಕೂತು ಒಂದೇ ಒಂದು ನವಿಲು ನೇಯಲು ಹೊರಟ. ಈ ಸಲ ಒಂದು ಕೂಗು, ಒಂದು ಲಾಳಿ, ಒಂದು ಪ್ರಶ್ನೆ. ಏನಾದರೂ ಆಯಿತಾ? ಇಲ್ಲ. ಏನಾದರೂ ಆಯಿತಾ? ಇಲ್ಲ. ಮೇಲಿನವನು ಅಷ್ಟು ವರ್ಷದಲ್ಲಿ ಆಡದಷ್ಟು ಮಾತನ್ನು ಆ ಒಂದು ಬೆಳಿಗ್ಗೆ ಆಡಿದ. ಕತ್ತು ಮುಗಿಯಿತು, ಕೊಕ್ಕು ಮುಗಿಯಿತು. ತಲೆಯ ಮೇಲಿನ ಮೊದಲ ಸಾಲು ಕೂಗಿ ಲಾಳಿ ಓಡಿಸಿ ಕೇಳಿದಾಗ ಮೇಲಿನವನ ಕೈ ಸೊಂಟದ ನೂಲಿಗೆ ಹೋಯಿತು.

"ಆಯಿತು. ನಲವತ್ತೊಂದು ಕರೆದಿರಿ. ನಮ್ಮಲ್ಲಿರುವುದು ನಲವತ್ತು."

ನೇಕಾರ ಕೂತಲ್ಲೇ ಕೂತ. ಆ ಕೂಗು ಪರವೂರಿನ ಮಗ್ಗಕ್ಕೆ ಕಟ್ಟಿದ ಕೂಗು. ಅಲ್ಲಿ ನಲವತ್ತೆಂಟು ದಾರಗಳಿದ್ದವು. ಕಲಿತದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ತನ್ನ ಮಗ್ಗದಲ್ಲಿ ಎಷ್ಟು ದಾರ ಇದೆ ಎಂದು ನೋಡಿಕೊಂಡಿರಲಿಲ್ಲ, ಅಷ್ಟೇ.

"ಹದಿನಾರು ದಿನ ಕರೆದೆನಲ್ಲೋ, ಒಂದು ದಿನವಾದರೂ ಹೇಳಬಾರದಿತ್ತೇ?"

"ಕೇಳಿದ್ದರೆ ಹೇಳುತ್ತಿದ್ದೆ" ಎಂದ ಮೇಲಿನವನು. ಅವನ ದನಿಯಲ್ಲಿ ಕೊಂಕಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ.

ನೇಕಾರ ಎದ್ದು ಆ ಹೆಂಗಸಿನ ಮನೆಗೆ ಹೋದ. ಅವಳು ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅವನು ನಿಂತೇ ಹೇಳಿದ: "ಅಕ್ಕಾ, ನಿನ್ನ ದಾರ ಸರಿಯಾಗಿತ್ತು. ನಾನೇ ಇಲ್ಲದ ದಾರ ಕರೆದೆ. ನಲವತ್ತೊಂದು." ಅವಳು ನಕ್ಕಳು. "ನಲವತ್ತೊಂದು ಬೇಕು ಅಂತ ಮೊದಲೇ ಕೇಳಿದ್ದರೆ ಕಟ್ಟಿಕೊಡುತ್ತಿದ್ದೆ. ಅದೇನು ಕಷ್ಟದ ಕೆಲಸವೇ?" ಎಂದು ಮಡಿಲಿನ ಕಾಯನ್ನು ಮೊರಕ್ಕೆ ಸುರಿದು ಎದ್ದಳು.

ಸಂಜೆಯೊಳಗೆ ಎಂಟು ಹೊಸ ದಾರಗಳನ್ನು ಕಟ್ಟಿದಳು. ಕೈ ಅದುರಲಿಲ್ಲ. ಮರುದಿನ ಬೆಳಿಗ್ಗೆ ಹೊಸ ಸೀರೆ ಶುರುವಾಯಿತು. ಮೊದಲ ನವಿಲಿಗೆ ಪ್ರತಿ ಕೂಗಿಗೂ ಕೇಳಿದ. ಕೈಗೆ ಕೂತ ಮೇಲೆ ಸಾಲುಗಳನ್ನು ಬಿಟ್ಟು ಗೇಣಿಗೊಮ್ಮೆ ಕೇಳಿದ. ಕೇಳುತ್ತ ನೇಯ್ದದ್ದರಿಂದ ಎರಡು ದಿನ ಹೆಚ್ಚು ಹಿಡಿಯಿತು. ಕೇಳದೆ ನೇಯ್ದದ್ದರಿಂದ ಹದಿನಾರು ದಿನ ದಂಡವಾಗಿತ್ತು. ಮದುಮಗಳು ಜುಟ್ಟಿರುವ ನವಿಲುಗಳನ್ನು ಉಟ್ಟು ಹಸೆಗೆ ಕೂತಳು. ಬೋಳು ನವಿಲಿನ ಸೀರೆಯನ್ನು ನೇಕಾರನ ಹೆಂಡತಿ ಅದೇ ಮದುವೆಗೆ ಉಟ್ಟು ಹೋದಳು. ಇದು ಯಾವ ಹಕ್ಕಿ ಎಂದು ಕೇಳಿದವರಿಗೆಲ್ಲ "ನಮ್ಮ ಮನೆಯವರ ಹಕ್ಕಿ" ಎಂದಳು. ಪಕ್ಕದಲ್ಲೇ ಇದ್ದ ನೇಕಾರನೂ ನಕ್ಕ.

ಗುರುಗಳು ಕತೆ ನಿಲ್ಲಿಸಿದರು. ಮಂದಾಕಿನಿಯೂ ನಕ್ಕಳು, ಆದರೆ ಆ ನಗು ತುಟಿಯ ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಎದ್ದು ಒಳಕೋಣೆಯ ಕಂಪ್ಯೂಟರಿನ ಮುಂದೆ ಹೋಗಿ ಕೂತಳು.

ತನ್ನ ಮೊದಲ ಸಾಲಿನ ಕೆಳಗೆ ಯಂತ್ರವನ್ನು ಕೇಳುವ ಸಾಲು ಹಾಕಿದಳು. ಎರಡನೆಯದರ ಕೆಳಗೂ ಹಾಕಿದಳು. ಹೀಗೆ ಎಲ್ಲದರ ಕೆಳಗೂ. ನೋಡಲು ಅಂದವಾಗಿರಲಿಲ್ಲ, ಒಂದು ಅಕ್ಕಿಗೆ ಒಂದು ಕಲ್ಲು ಬೆರೆಸಿದ ಹಾಗಿತ್ತು. ಓಡಿಸಿದಳು. ಯಂತ್ರ ಹದಿನೆಂಟು ಸಲ ಏನೂ ಇಲ್ಲ ಎಂದಿತು. ಹತ್ತೊಂಬತ್ತನೆಯ ಸಾಲಿಗೆ, ಕೊಟ್ಟ ಸಂಖ್ಯೆ ಸರಿಯಿಲ್ಲ ಎಂದಿತು.

ಬುಗುರಿಗೆ ಹೊದಿಸುವ ಚಿತ್ರದ ಅಗಲವನ್ನು ಹೇಳುವ ಸಾಲು ಅದು. ಅಗಲ ತಿಳಿಯಲು ದೊಡ್ಡ ಸಂಖ್ಯೆಯಿಂದ ಚಿಕ್ಕದನ್ನು ಕಳೆಯಬೇಕಿತ್ತು. ಅವಳು ಚಿಕ್ಕದರಿಂದ ದೊಡ್ಡದನ್ನು ಕಳೆದಿದ್ದಳು. ಅಗಲ ಸೊನ್ನೆಗಿಂತ ಕಡಿಮೆಯಾಗಿತ್ತು. ಅಂಥ ಅಗಲದ ಬಟ್ಟೆಯನ್ನು ಯಾವ ಅಂಗಡಿಯವನು ತಾನೇ ಹರಿದುಕೊಟ್ಟಾನು? ಯಂತ್ರ ಆ ಆಜ್ಞೆಯನ್ನು ಬಿಟ್ಟು ಮುಂದಿನದಕ್ಕೆ ಹೋಗಿತ್ತು. ಹೊದಿಸಲು ಚಿತ್ರವೇ ಇಲ್ಲದೆ ಬುಗುರಿ ಕಪ್ಪು ಪರದೆಯ ಮೇಲೆ ಕಪ್ಪಾಗಿಯೇ ತಿರುಗುತ್ತಿತ್ತು. ಮೂರು ದಿನವೂ ಅದು ಅಲ್ಲೇ ಇತ್ತು.

ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿದಳು. ಕೆಂಪು, ಹಳದಿ, ಹಸಿರು ಪಟ್ಟೆಗಳ ಬುಗುರಿ ಪರದೆಯ ನಡುವೆ ತಿರುಗತೊಡಗಿತು. ಮಂದಾಕಿನಿಗೆ ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಗಮನಿಸಿದಳು. ಪಟ್ಟೆಗಳಿದ್ದವು, ಉಬ್ಬಿರಲಿಲ್ಲ. ಬೆಳಕಿಲ್ಲದ ಬುಗುರಿ ಕಾಗದದಿಂದ ಕತ್ತರಿಸಿದಂತೆ ಚಪ್ಪಟೆಯಾಗಿ ಕಾಣುತ್ತಿತ್ತು. ಬೆಳಕಿನ ಸಾಲುಗಳನ್ನು ಅವಳೇ ಅಳಿಸಿದ್ದಳು. ಅವುಗಳಲ್ಲಿ ತಪ್ಪೇನೂ ಇರಲಿಲ್ಲ. ಖುಷಿಯ ನಡುವೆಯೇ ಅವಳಿಗೆ ಕಣ್ಣು ತುಂಬಿ ಬಂತು.

ಅವಳು ಪಡಸಾಲೆಗೆ ಬಂದು ಗುರುಗಳ ಎದುರು ನಿಂತಳು.

"ಗುರುಗಳೇ, ತಪ್ಪು ನನ್ನದೇ. ಹತ್ತೊಂಬತ್ತನೆಯ ಸಾಲು. ಫಕೀರೇಶನನ್ನು ಬಿಡಿಸಬೇಡಿ. ಇನ್ನು ಮೇಲೆ ಪ್ರತಿ ಆಜ್ಞೆಗೂ ಯಂತ್ರವನ್ನು ಕೇಳುತ್ತೇನೆ."

ಗುರುಗಳು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡು, ಹೊರಗೆ ಜಗಲಿಯ ಮೇಲೆ ಕೂತಿದ್ದವನ ಕಡೆ ನೋಡಿ ಹೇಳಿದರು:

"ಆ ಹತ್ತೊಂಬತ್ತನೆಯ ಸಾಲು ಫಕೀರೇಶನಿಗೆ ಮೊನ್ನೆಯೇ ಗೊತ್ತಿತ್ತು ಮಗಳೇ, ನೀನು ಕೇಳುತ್ತೀಯೆಂದು ಕಾಯುತ್ತಿದ್ದಾನೆ."